ಮೂರನೇ ಪ್ರಶ್ನೆ ಕೇಳದ ಮನೆ

ಗೇಟಿನ ಹೊರಗೆ ನಿಂತು ಸಂಘಮಿತ್ರ ಆ ಪ್ರಶ್ನೆಗಾಗಿ ಕಾಯುತ್ತಿದ್ದಳು.

ಒಂಬತ್ತು ವರ್ಷದಲ್ಲಿ ಏಳು ಬಾಡಿಗೆ ಮನೆ ಬದಲಾಯಿಸಿದವಳಿಗೆ ಮನೆಯವರ ಪ್ರಶ್ನೆಗಳೆಲ್ಲ ಬಾಯಿಪಾಠ. ಎಷ್ಟು ಜನ ಇರ್ತೀರ? ಮಾಂಸ ಬೇಯಿಸ್ತೀರಾ? ಆಮೇಲೆ ಗಂಟಲು ಸರಿಮಾಡಿಕೊಂಡು ಮೂರನೆಯದು... ನೀವು ಯಾವ ಜನ? ಅವಳು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಹೇಳಿದ ಗಳಿಗೆಯಲ್ಲೇ ಆ ಮನೆ ಬೇರೆ ಯಾರಿಗೋ ಮಾತಾಗಿಬಿಡುತ್ತಿತ್ತು. ಏನು ಮಾಯೆಯೋ!

ಒಳಗಿನಿಂದ ಬಂದವನ ತಲೆಗೂದಲೆಲ್ಲ ಸಿಮೆಂಟ್ ಧೂಳು. ಅವನು ಅವಳ ಮುಖ ನೋಡಿದ, ಕಾಲು ನೋಡಿದ.

"ಚಪ್ಪಲಿ ಬಿಡಬೇಡಿ ಮೇಡಂ. ಕೆಳಗೆಲ್ಲ ಮೊಳೆ ಬಿದ್ದವೆ. ಹಂಗೇ ಬನ್ನಿ."

ಅಷ್ಟೇ. ಬೇರೇನೂ ಕೇಳಲಿಲ್ಲ. ಅವಳಿಗೆ ಯಾಕೋ ಅಳು ಬಂದಂತಾಯಿತು. ಬೇಕಾ ಇದೆಲ್ಲ, ಮನೆ ನೋಡೋಕೆ ಬಂದವಳು ಮನೆ ನೋಡು ಎಂದು ತನ್ನನ್ನೇ ಗದರಿಸಿಕೊಂಡಳು.

ಸಂಘಮಿತ್ರಳಿಗೆ ಮೂವತ್ನಾಲ್ಕು. ಚಿಂತಾಮಣಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನಕ್ಕೆ ಎಪ್ಪತ್ತು ಜನರ ರಕ್ತ ತೆಗೆಯುತ್ತಾಳೆ. ಆಗ ಮಾತ್ರ ಯಾರೂ ಯಾವ ಜನ ಎಂದು ಕೇಳಿದ್ದಿಲ್ಲ, ಸುಮ್ಮನೆ ತೋಳು ಚಾಚುತ್ತಾರೆ. ಊರಾಚೆಯ ಕೇರಿಯಲ್ಲಿ ಹುಟ್ಟಿ ಬುದ್ಧನ ದಾರಿ ಹಿಡಿದ ಅಪ್ಪ ಮುನಿಗಂಗಪ್ಪ ಇಟ್ಟ ಹೆಸರು ಅವಳದು. ಅಪ್ಪ ಹೋದ ಮೇಲೆ ಮನೆಯಲ್ಲಿ ಅವಳು ಮತ್ತು ಮಂಡಿನೋವಿನ ಅಮ್ಮ ಕೊಂಡಮ್ಮ, ಇಬ್ಬರೇ.

ಸಾಲ ತೀರಿಸದವರ ಮನೆಗಳನ್ನು ಬ್ಯಾಂಕಿನವರು ಹರಾಜು ಹಾಕುತ್ತಾರೆ, ಅಗ್ಗಕ್ಕೆ ಕೊಂಡು ನೀನೇ ರಿಪೇರಿ ಮಾಡಿಸು ಎಂದು ಜೊತೆಗೆ ಕೆಲಸ ಮಾಡುವ ತನುಜ ಹೇಳಿದ್ದಳು. ಕೇಳಿಯೇ ಸಂಘಮಿತ್ರಳಿಗೆ ಸುಸ್ತಾಗಿತ್ತು. ಗಾರೆಯವರ ಹಿಂದೆ ಓಡುವುದು, ಪ್ಲಂಬರ್‌ಗೆ ಫೋನ್ ಮಾಡಿ ಗೋಗರೆಯುವುದು... ತನ್ನ ಕೈಲಾಗದು. ಹಾಗಾದರೆ ಸರಿಮಾಡಿದ ಮನೆಯನ್ನೇ ತಗೋ ಎಂದು ತನುಜ ಮೋಹನ್‌ಬಾಬುವಿನ ನಂಬರ್ ಕೊಟ್ಟಳು. ಮಂಡಿಕಲ್ ಕಡೆಯ ಜಮೀನುದಾರರ ಮನೆಯ ಹುಡುಗ. ಹರಾಜಿನ ಮನೆ ಕೊಂಡು, ಒಪ್ಪಮಾಡಿ ಮಾರುವುದೇ ಅವನ ಕಸುಬು. ಗೇಟಿಗೆ ಬಂದ ಸಿಮೆಂಟ್ ಧೂಳಿನ ತಲೆಯವನು ಅವನೇ.

"ನನಗೆ ಒಂದು ಮೊಳೆ ಹೊಡೆಸೋ ಶಕ್ತಿನೂ ಉಳಿದಿಲ್ಲ," ಎಂದು ಅವಳು ಮೊದಲೇ ಹೇಳಿಬಿಟ್ಟಳು. "ಎಲ್ಲ ಸರಿಯಿರೋ ಮನೆ ಬೇಕು."

ಅವನು ತಲೆಯಾಡಿಸಿದ.

ಅವಳು ಅಡ್ವಾನ್ಸ್ ಕೊಟ್ಟಳು. ಆಮೇಲೆ ಎರಡು ತಿಂಗಳು ಬ್ಯಾಂಕ್ ಸಾಲದ ಕಾಗದ ಪತ್ರ ಎಂದು ಓಡಾಟ. ಆ ನೆಪದಲ್ಲಿ ಮಾತು, ಮಾತಿನ ನೆಪದಲ್ಲಿ ಟೀ. ಬಾಡಿಗೆ ಮನೆಯವರ ಮೂರು ಪ್ರಶ್ನೆಗಳ ಕಥೆಯನ್ನು ಅವಳು ನಗುತ್ತಲೇ ಹೇಳಿದಳು. ಅವನು ನಗಲಿಲ್ಲ. ಮರುದಿನ ಹೋದಾಗ ಬಾಗಿಲ ಮುಂದಿನ ಎತ್ತರದ ಮೆಟ್ಟಿಲು ಎರಡಾಗಿತ್ತು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಬಂದಿತ್ತು. ಅಮ್ಮನ ಮಂಡಿಯ ವಿಷಯ ಅವಳು ಹೇಳಿದ್ದು ಒಂದೇ ಸಲ.

ಇವನೊಬ್ಬ ಸಿಕ್ಕನಲ್ಲ ಎನ್ನಿಸಿತು ಅವಳಿಗೆ. ಆ ಸಂತೋಷಕ್ಕೇ ಭಯವೂ ಆಯಿತು.

ಭಯ ಸುಳ್ಳಾಗಲಿಲ್ಲ. ಒಂದು ಭಾನುವಾರ ಕೊಂಡಮ್ಮ ಮನೆ ನೋಡಲು ಬಂದಾಗ ಅವನ ತಾಯಿ ವೆಂಕಟರತ್ನಮ್ಮನೂ ಅಲ್ಲಿದ್ದರು. ಯಾವೂರು, ಯಾರ ಪೈಕಿ ಎಂದು ವಿಚಾರಿಸಿದರು. ಕೊಂಡಮ್ಮ ಮುಚ್ಚಿಡದೆ ಹೇಳಿದರು. ವೆಂಕಟರತ್ನಮ್ಮ ಎದ್ದು ಹೊರಗೆ ಹೋಗಿಬಿಟ್ಟರು.

ಮಾರನೇ ದಿನವೇ ಮೋಹನ್‌ಬಾಬುವಿನ ಫೋನ್. "ಮೇಡಂ, ನಿಮ್ಮ ಅಡ್ವಾನ್ಸ್ ವಾಪಸ್ ಹಾಕ್ತಿದ್ದೀನಿ. ಸದ್ಯಕ್ಕೆ ಮನೆ ಕೊಡಕ್ಕಾಗಲ್ಲ. ಯಾಕಂದ್ರೆ..."

ಅವಳು ಫೋನ್ ಇಟ್ಟುಬಿಟ್ಟಳು. ನಂಬರನ್ನೂ ಬ್ಲಾಕ್ ಮಾಡಿದಳು.

ಯಾಕೆಂದು ಅವಳಿಗೆ ಗೊತ್ತಿತ್ತು. ಎಷ್ಟೋ ಸಲ ಕೇಳಿ ಆಗಿತ್ತು. ಸಿಟ್ಟು ಕೂಡ ಬರಲಿಲ್ಲ, ಮಲಗಿಬಿಡೋಣ ಎನ್ನುವಷ್ಟು ದಣಿವಾಯಿತು. 'ಎಲ್ಲರ ಹಾಗೇ ಅವನೂ... ನಾನು ಯಾಕೆ ಬೇರೆ ಅಂದುಕೊಂಡೆ?'

ಹನ್ನೆರಡು ದಿನ ಹಾಗೇ ಕಳೆಯಿತು. ಹದಿಮೂರನೆಯ ಬೆಳಗ್ಗೆ ಲ್ಯಾಬಿನ ಕುರ್ಚಿಯಲ್ಲಿ ಬಂದು ಕೂತವರು ವೆಂಕಟರತ್ನಮ್ಮ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ. ಸಂಘಮಿತ್ರ ತೋಳಿಗೆ ಪಟ್ಟಿ ಬಿಗಿದಳು.

"ನನ್ನ ಮಗ ಊಟ ನಿದ್ದೆ ಬಿಟ್ಟು ಗೋಡೆ ಒಡ್ಕೊಂಡು ಕೂತವ್ನೆ ತಲ್ಲಿ, ನನ್ ತಾಯಿ. ನೀನು ಫೋನ್ ಎತ್ತಲ್ವಂತೆ."

ಸೂಜಿ ಹಿಡಿದ ಕೈ ನಿಂತಿತು. "ಯಾವ ಗೋಡೆ?"

"ನಿನ್ನ ಮನೇದು." ಮುದುಕಿ ತಲೆ ತಗ್ಗಿಸಿದರು. "ಅವತ್ತು ನಿಮ್ಮಮ್ಮನ್ನ ಕೇಳ್ದೆ ನೋಡು... ಮಗ ನಿನ್ನನ್ನೇ ಮದ್ವೆ ಆಗ್ತೀನಿ ಅಂದಿದ್ದ, ಅದಕ್ಕೆ ಕೇಳ್ದೆ. ಸುಳ್ಯಾಕೆ ಹೇಳ್ಲಿ, ನಂಗೆ ಕಷ್ಟ ಆಯ್ತು. ನಾಕು ದಿನ ಅವನತ್ರ ಮಾತಾಡ್ಲಿಲ್ಲ. ಆಮೇಲೆ ನಾನೇ ಯೋಚ್ನೆ ಮಾಡ್ದೆ. ಇಲ್ಲಿ ನಿನ್ನ ಮುಂದೆ ಕೈ ಚಾಚೋಕೆ ಆಗುತ್ತೆ, ಮನೇಲಿ ಆಗಲ್ವಾ ಅಂತ. ಹೋಗಿ ಅವನ್ನ ನೋಡು."

ಅವಳು ರಕ್ತ ತೆಗೆದಳು. ಟ್ಯೂಬಿನ ಮೇಲೆ ವೆಂಕಟರತ್ನಮ್ಮನ ಹೆಸರು ಬರೆದಿಟ್ಟಳು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆಟೋ ಹತ್ತಿ ಮನೆಗೆ ಹೋದಳು. ಅಡುಗೆಮನೆಯ ಗೋಡೆ ಅರ್ಧಕ್ಕರ್ಧ ಒಡೆದಿತ್ತು. ಹಳೆಯ ತುಕ್ಕು ಪೈಪುಗಳ ನಡುವೆ ಮೋಹನ್‌ಬಾಬು ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಗಡಬಡಿಸಿ ಎದ್ದ.

"ಟ್ಯಾಂಕ್ ತುಂಬಿಸಿ ನೋಡ್ದೆ, ಗೋಡೆ ಬೆವರ್ತು. ಹಳೇ ಪೈಪ್ ತೆಗೆಸ್ದೇನೇ ಗಾರೆ ಮಾಡಿಸ್ಬಿಟ್ಟಿದ್ದೆ, ನಂದೇ ತಪ್ಪು. ಇನ್ನೊಂದು ಕೈ ಬಣ್ಣ ಹೊಡೆದ್ರೆ ಒಂದು ವರ್ಷ ಗೊತ್ತಾಗ್ತಿರ್ಲಿಲ್ಲ. ಮುಂಚೆ ಮಾರಿದ ಒಂದು ಮನೇಲಿ ಹಂಗೇ ಮಾಡಿದ್ದೀನಿ." ಅವನ ದನಿ ಇಳಿಯಿತು. "ನಿಮ್ಗೆ ಮಾಡಕ್ಕಾಗ್ಲಿಲ್ಲ. ಹೇಳೋಷ್ಟರಲ್ಲಿ ನೀವು ಫೋನ್ ಇಟ್ರಿ."

"ಇಲ್ಲ ಅನ್ನೋದನ್ನ ಪೂರ್ತಿ ಕೇಳಿಸ್ಕೊಳ್ಳೋ ಶಕ್ತಿ ನನಗಿಲ್ಲ, ಮೋಹನ್..."

ಹೇಳುತ್ತಲೇ ಅವಳು ಸಿಮೆಂಟ್ ಮೂಟೆಯ ಮೇಲೆ ಕುಸಿದು ಕೂತಳು. ಒಂಬತ್ತು ವರ್ಷದ ಅಳು ಒಟ್ಟಿಗೇ ಬಂತು. ಅವನು ನೀರಿನ ಬಾಟಲಿ ಅವಳ ಪಕ್ಕ ಇಟ್ಟು ಕಾದ.

"ಆ ಇನ್ನೊಂದು ಮನೆ ಗೋಡೆನೂ ಸರಿ ಮಾಡ್ಕೊಡಿ," ಎಂದಳು ಕೊನೆಗೆ.

"ಇದು ಮುಗಿದ ತಕ್ಷಣ ಅದೇ."

"ನಿಮ್ಮ ಕಡೆಯೋರೆಲ್ಲ ಮಾತಾಡ್ತಾರೆ."

"ಮಾತಾಡ್ತಾರೆ. ಅದನ್ನ ನಾನು ಕೇಳಿಸ್ಕೋತೀನಿ. ನೀವು ಸ್ವಲ್ಪ ದಿನ ಸುಧಾರಿಸ್ಕೊಳ್ಳಿ. ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ, ಸಂಘಮಿತ್ರ. ಉತ್ತರ ಈಗಲೇ ಬೇಡ."

ಅವನ ಬಾಯಲ್ಲಿ ಮೇಡಂ ಇಲ್ಲದ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

ತಿಂಗಳಾದ ಮೇಲೆ ರಿಜಿಸ್ಟ್ರೇಷನ್ ಮುಗಿಯಿತು. ಒಣಗಿದ ಗೋಡೆಯ ಪಕ್ಕದ ಒಲೆಯಲ್ಲಿ ಕೊಂಡಮ್ಮ ಹಾಲುಕ್ಕಿಸಿದರು, ಕಂಬಿ ಹಿಡಿದು ಬಚ್ಚಲಿಗೂ ಹೋಗಿಬಂದರು. ವೆಂಕಟರತ್ನಮ್ಮ ಪಕ್ಕದಲ್ಲೇ ಕೂತು ಎರಡು ಲೋಟ ಹಾಲು ಕುಡಿದರು, ಸಕ್ಕರೆ ಹಾಕದೆ.

ಮೋಹನ್‌ಬಾಬು ಮಾತ್ರ ಹೊರಗೆ ನಿಂತಿದ್ದ. ಇಷ್ಟು ದಿನ ಸಲೀಸಾಗಿ ನುಗ್ಗುತ್ತಿದ್ದವನಿಗೆ ಇವತ್ತು ಹೊಸ್ತಿಲು ದಾಟಲು ಸಂಕೋಚ.

"ಒಳಗೆ ಬರ್ಲಾ?" ಎಂದ.

ಸಂಘಮಿತ್ರ ಬಾಗಿಲಿಗೆ ಒರಗಿ ನಿಂತಳು. ಮುಖದಲ್ಲಿ ದಣಿವು ಇನ್ನೂ ಇತ್ತು, ಆದರೆ ಕಣ್ಣು ನಗುತ್ತಿತ್ತು.

"ಎಷ್ಟು ಜನ ಇರ್ತೀರ?"

ಅವನಿಗೆ ಅರ್ಥವಾಯಿತು. ಕೈಕಟ್ಟಿ ನಿಂತ. "ನಾನು, ನಮ್ಮಮ್ಮ. ನೀವಿಬ್ರೂ ಸೇರಿದ್ರೆ ನಾಲ್ಕು."

"ಮಾಂಸ ಬೇಯಿಸ್ತೀರಾ?"

"ಭಾನುವಾರ. ನಾನೇ ಬೇಯಿಸ್ತೀನಿ."

ಅವಳು ಸುಮ್ಮನಾದಳು. ಅವನು ಕಾದ.

"ಮೂರನೇದು?"

"ಅದನ್ನ ಈ ಮನೇಲಿ ಕೇಳಲ್ಲ," ಎಂದಳು ಸಂಘಮಿತ್ರ, ಬಾಗಿಲಿನಿಂದ ಪಕ್ಕಕ್ಕೆ ಸರಿಯುತ್ತ. "ಚಪ್ಪಲಿ ಬಿಟ್ಟು ಬನ್ನಿ. ಈಗ ಮೊಳೆ ಇಲ್ಲ."