ತಾನಾಜಿಯ ಛಲಪಟ್ಟಿ

ಕುಮುದಾ ಛಲಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಗುಂಡಿ ಒತ್ತಿದಳು. ಹಣೆಯಲ್ಲಿ ಇರುವೆ ಹರಿದಂತಾಯಿತು, ಅಷ್ಟೇ. ಇನ್ನೊಂದು ಗಳಿಗೆ ಮಲಗೋಣವೆಂಬ ಆಸೆ, ಕಾಫಿಯ ನೆನಪು, ನಾಳೆಯಿಂದ ಶುರುಮಾಡಿದರಾಯಿತು ಎನ್ನುವ ಹಳೆಯ ರಾಗ ಎಲ್ಲವೂ ಅಡಗಿದವು. ಅವಳು ಪಡಸಾಲೆಯ ಕನ್ನಡಿಯೆದುರು ನಿಂತು, ಎರಡು ಕೈಯಲ್ಲೂ ಡಂಬೆಲ್ ಹಿಡಿದು ಬಸ್ಕಿ ಹೊಡೆಯತೊಡಗಿದಳು. ತೊಡೆಗಳು ನಡುಗಿದವು, ನಿಲ್ಲಿಸಲಿಲ್ಲ. ತೊಟ್ಟಿಲಿನಲ್ಲಿ ಮಗು ಅತ್ತಿತು. ಆಗಲೂ ನಿಲ್ಲಿಸಲಿಲ್ಲ.

ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿ ಕೆಲವು ವರ್ಷ ಕಳೆದಿದ್ದ ಆ ಕಾಲದಲ್ಲಿ ದಾವಣಗೆರೆಯ ಮನೆಮನೆಯಲ್ಲೂ ಇಂಥದೊಂದು ಪಟ್ಟಿ ಇತ್ತು. ನಾವು ಮನಸ್ಸು ಮಾಡುವುದು ಎನ್ನುತ್ತೇವಲ್ಲ, ಆಗ ಮೆದುಳಿನ ಹಲವು ಭಾಗಗಳು ಒಂದು ಕ್ರಮದಲ್ಲಿ ಮಿಡಿಯುತ್ತವೆ. ಆ ಕ್ರಮವನ್ನು ಒಬ್ಬನ ತಲೆಯಿಂದ ದಾಖಲಿಸಿಕೊಂಡು, ಮೆಲುವಾದ ಅಯಸ್ಕಾಂತದ ಮಿಡಿತಗಳಿಂದ ಇನ್ನೊಬ್ಬನ ತಲೆಯಲ್ಲಿ ಎಬ್ಬಿಸುವುದು ಪಟ್ಟಿಯ ಕೆಲಸ. ಅದನ್ನು ಕಂಡುಹಿಡಿದವಳು ಕುಮುದಾಳ ಅಕ್ಕ, ನರವಿಜ್ಞಾನಿ ಡಾ. ಮೃಣಾಲಿನಿ ಅಂಗಡಿ. ದಾಖಲಾದ ಛಲ ತಾನಾಜಿ ಪಿಸಾಳೆಯದು. ದೇಹದಾರ್ಢ್ಯದಲ್ಲಿ ಜಗತ್ತನ್ನೇ ಗೆದ್ದು ಬಂದ, ಅದೇ ಊರಿನ ಮನುಷ್ಯ.

ದಾಖಲಿಸುವ ದಿನಗಳಲ್ಲಿ ಮೃಣಾಲಿನಿ ಅವನ ಜಿಮ್ಮಿನಲ್ಲೇ ಯಂತ್ರಗಳನ್ನು ಹೂಡಿಕೊಂಡು ಕುಳಿತಿದ್ದಳು. ತಾನಾಜಿ ಭಾರವನ್ನು ಸರಕ್ಕನೆ ಎತ್ತಿ, ಇಳಿಸುವಾಗ ಮಾತ್ರ ಹಲ್ಲು ಕಚ್ಚಿಕೊಂಡು ಇಂಚಿಂಚಾಗಿ ಇಳಿಸುತ್ತಿದ್ದ. “ಎತ್ತಾದನ್ನ ಯಾರ್ ಬೇಕಾದ್ರೂ ಎತ್ತುತಾರೆ ಮೇಡಂ. ಇಳಿಸಾವಾಗ ಮನ್ಷ ಗೊತ್ತಾಗ್ತಾನೆ” ಎನ್ನುತ್ತಿದ್ದ. ಮಾತು ಸರಿಯೇ. ಸ್ನಾಯುವಿನ ಎಳೆಗಳು ಹೆಚ್ಚಾಗಿ ಹರಿಯುವುದು ಇಳಿಸುವಾಗಲೇ, ಹರಿದದ್ದು ಕೂಡಿಕೊಳ್ಳುವಾಗ ದಪ್ಪವಾಗುತ್ತದೆ. ಇನ್ನು ಕೈ ಏಳುವುದೇ ಇಲ್ಲ ಎಂಬಲ್ಲಿ ಬೇರೆಯವರು ಮುಗಿಸಿದರೆ, ಅವನು ಅಲ್ಲಿಂದ ಎಣಿಸಲು ತೊಡಗುತ್ತಿದ್ದ.

ಸ್ಪರ್ಧೆ ಹತ್ತಿರ ಬಂತೆಂದರೆ ಉಪ್ಪು ಬಿಡುತ್ತಿದ್ದ, ಆಮೇಲೆ ನೀರನ್ನೂ. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸ್ನಾಯುವಿಗೆ ಅಂಟಬೇಕಂತೆ. ತುಟಿ ಒಡೆದು ರಕ್ತ ಜಿನುಗುತ್ತಿತ್ತು, ಬಾಯಿ ತೆರೆದರೆ ಕೊಳೆತ ಹಣ್ಣಿನ ವಾಸನೆ. ಆ ಮೈಗೆ ಕಂದು ಬಣ್ಣ ಬಳಿದು, ಎಣ್ಣೆ ಸವರಿ, ವೇದಿಕೆಯ ಮೇಲೆ ನಗಿಸಿ ನಿಲ್ಲಿಸುತ್ತಿದ್ದರು. ಬಾಯಾರಿ ಸಾಯುತ್ತಿರುವ ಮನುಷ್ಯನನ್ನು ನೋಡಿ ಜನ ಶಿಳ್ಳೆ ಹಾಕುತ್ತಿದ್ದರು. ಆರೋಗ್ಯ ಎಂಬ ಪದಕ್ಕೆ ಇದಕ್ಕಿಂತ ಹೊಲಸು ಅವಮಾನವನ್ನು ಯಾರೂ ಮಾಡಿರಲಾರರು.

ಮೃಣಾಲಿನಿಗೆ ಹೇಸಿಗೆಯಾದದ್ದು ಇದರಿಂದಲ್ಲ, ಅವನ ಬುತ್ತಿಯಿಂದ. ತಾಸೆರಡು ತಾಸಿಗೊಮ್ಮೆ ತಾನಾಜಿ ಕನ್ನಡಿಯೆದುರಿನ ಬೆಂಚಿನ ಮೇಲೆ ಕೂತು ಡಬ್ಬಿ ತೆರೆಯುತ್ತಿದ್ದ. ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಯ ತುಂಡು, ಲೋಟದಲ್ಲಿ ಕದಡಿದ ಹಸಿ ಮೊಟ್ಟೆಯ ಬಿಳಿ. ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲು ದಾಟಿಸದ ಮನೆಯಲ್ಲಿ ಬೆಳೆದ ಮೃಣಾಲಿನಿ ದುಪಟ್ಟಾವನ್ನು ಮೂಗಿಗೊತ್ತಿಕೊಂಡು ಕಿಟಕಿಯ ಬಳಿಗೆ ಓಡುತ್ತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಪರದೆಯ ಮೇಲೆ ತಾನಾಜಿಯ ಇನ್ಸುಲಾ ಧಗ್ಗೆಂದು ಬೆಳಗುತ್ತಿತ್ತು. ಇನ್ಸುಲಾ ಎಂದರೆ ಕಿವಿಯ ಮೇಲ್ಭಾಗದಲ್ಲಿ, ಮೆದುಳಿನೊಳಗೆ ಹುದುಗಿದ ಒಂದು ಮಡಿಕೆ. ಹಳಸಿದ ಅನ್ನದ ವಾಸನೆ ಬಡಿದಾಗ ನಮಗೆ ವಾಕರಿಕೆ ಬರುವುದು ಅದರಿಂದ.

‘ಪಾಪ, ಈ ಮನುಷ್ಯನೂ ಹೇಸಿಕೊಂಡೇ ನುಂಗುತ್ತಾನೆ’ ಎಂದು ಅವಳು ತೀರ್ಮಾನಿಸಿದಳು. ಅವನ ಮೇಲಿನ ಗೌರವ ಹೆಚ್ಚೇ ಆಯಿತು. ಡಬ್ಬಿ ಮುಚ್ಚಿ ಭಾರ ಎತ್ತುವಾಗಲೂ ಉಳಿಯುತ್ತಿದ್ದ ಆ ಮಿಡಿತವನ್ನು ಕತ್ತರಿಸಿ ತೆಗೆದರೆ ಉಳಿದ ಹೆಣಿಗೆ ಸಡಿಲವಾದೀತು, ಇದ್ದರೆ ಕೆಡುಕೇನು, ಪಟ್ಟಿ ಕಟ್ಟಿಕೊಳ್ಳುವವರ ಮುಂದೆ ಆ ಕೋಳಿಯ ಡಬ್ಬಿ ಇರುವುದಿಲ್ಲವಲ್ಲ ಎಂದು ಹಾಗೆಯೇ ಬಿಟ್ಟಳು. ತಾನಾಜಿಯನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ತನಗೆ ಹೇಸಿಗೆಯಾದದ್ದು ಲೋಕಕ್ಕೆಲ್ಲ ಹೇಸಿಗೆ ಎಂದು ತಿಳಿದವರು ಯಾರನ್ನೂ ಕೇಳುವುದಿಲ್ಲ.

ಪಟ್ಟಿ ಮಾರುಕಟ್ಟೆಗೆ ಬಂದ ಮೇಲೆ ಊರಿನ ಬೊಜ್ಜು ಕರಗಿತು. ಸಕ್ಕರೆ ಕಾಯಿಲೆ ಇಳಿಯಿತು, ಸುಳ್ಳು ಹೇಳಬಾರದು. ವಕೀಲರು, ಮೇಷ್ಟ್ರುಗಳು, ಬೀಗಿತ್ತಿಯರು ಎಲ್ಲರೂ ಬೆಳಗಾದರೆ ಭಾರ ಎತ್ತಿದರು, ಪಟ್ಟಿ ಬಿಚ್ಚಿದ ಮೇಲೂ ಅದರ ಗುಂಗು ಹೋಗುತ್ತಿರಲಿಲ್ಲ. ಬೆಣ್ಣೆ ದೋಸೆಯ ಹೋಟೆಲುಗಳ ಹಂಚು ಆರಿತು. ಮದುವೆಮನೆಯಲ್ಲಿ ಎಲೆ ಹಾಕಿ ಬಡಿಸಿದರೆ, ಕೂತವರು ಹೋಳಿಗೆಯ ಮೇಲಿನ ತುಪ್ಪವನ್ನು ಹುಣ್ಣಿನ ಕೀವು ನೋಡಿದಂತೆ ನೋಡಿ ಎದ್ದುಹೋದರು. ಅಪ್ಪಿತಪ್ಪಿ ಉಣ್ಣುವವನ ಬಾಯನ್ನು ಅಕ್ಕಪಕ್ಕದವರು ಅಸಹ್ಯದಿಂದ ದಿಟ್ಟಿಸಿದರು. ಹೆಂಡತಿಯ ಬೆವರಿಗೆ ಗಂಡ ಮೂಗು ಮುಚ್ಚಿಕೊಂಡ, ಗಂಡನ ಹೊಟ್ಟೆ ಸೋಕಿದ್ದಕ್ಕೆ ಹೆಂಡತಿ ಎದ್ದು ಹೋಗಿ ಕೈ ತೊಳೆದುಕೊಂಡಳು. ಇವನ್ನೆಲ್ಲ ಜನ ಶಿಸ್ತು ಎಂದು ಕರೆದರು. ಥೂ, ಎಂಥ ಶಿಸ್ತು!

ಮೃಣಾಲಿನಿಗೆ ಇದು ಕಾಣಲಿಲ್ಲ ಎನ್ನುವಂತಿಲ್ಲ, ಕಂಡದ್ದನ್ನು ಒಪ್ಪಲು ಮನಸ್ಸಿರಲಿಲ್ಲ. ಕೊನೆಗೆ ತಾಯಿ ಫೋನ್ ಮಾಡಿದರು. ಕುಮುದಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆಯೊಬ್ಬಳು ಅವಳ ಹೊಟ್ಟೆ ತಟ್ಟಿ, “ಏನವ್ವಾ, ಒಳಗಿನ್ನೊಂದು ಐತೇನು?” ಎಂದು ನಾಲ್ಕು ಜನರೆದುರು ನಕ್ಕಿದ್ದಳು. ಮರುದಿನವೇ ಕುಮುದಾ ಪಟ್ಟಿ ತರಿಸಿಕೊಂಡಿದ್ದಳು.

“ಒಂದ್ಸಲ ಬಂದು ಹೋಗವ್ವ” ಎಂದರು ತಾಯಿ. “ಇವ್ಳು ಕೂಸು ಎತ್ಕಳ್ತಾ ಇಲ್ಲ.”

ಮೃಣಾಲಿನಿ ಹೋದಾಗ ಮಗು ಅಜ್ಜಿಯ ತೊಡೆಯ ಮೇಲಿತ್ತು. ಕುಮುದಾ ಮುಖ ಆಚೆಗೆ ತಿರುಗಿಸಿ, ಯಂತ್ರದಿಂದ ಹಾಲು ತೆಗೆದು ಬಾಟಲಿಗೆ ತುಂಬುತ್ತಿದ್ದಳು. ಪಕ್ಕದಲ್ಲಿದ್ದ, ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡೆಯ ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ. ಮಗು ಮುದ್ದಾಗಿತ್ತು, ಮೈಕೈ ತುಂಬಿಕೊಂಡಿತ್ತು. ತೊಡೆಯಲ್ಲಿ ಮಡಿಕೆ, ಮುಂಗೈಯಲ್ಲಿ ದಾರ ಕಟ್ಟಿದಂತೆ ಗೆರೆ.

“ಒಂದ್ಸಲ ಎತ್ಕೋ ಕುಮುದಾ, ನಾನಿದೀನಿ” ಎಂದಳು ಮೃಣಾಲಿನಿ.

ಕುಮುದಾ ಟವೆಲನ್ನು ಕೈಗೆ ಸುತ್ತಿಕೊಂಡು ಮಗುವನ್ನು ತೆಗೆದುಕೊಂಡಳು. ಅದು ಅಮ್ಮನ ವಾಸನೆ ಹಿಡಿದು ಎದೆಗೆ ಮುಖ ಉಜ್ಜಿತು. ಕತ್ತಿನ ಮಡಿಕೆಯಲ್ಲಿ ಜಾರಿ ಉಳಿದ ಹಾಲು ಹುಳಿಯಾಗಿ ವಾಸನೆ ಬರುತ್ತಿತ್ತು. ಎಲ್ಲ ಮಕ್ಕಳ ಕತ್ತಿನಲ್ಲೂ ಬರುವ ವಾಸನೆ. ಕುಮುದಾ ಮುಖ ಹಿಂದಕ್ಕೆಳೆದುಕೊಂಡಳು. ಮಗುವನ್ನು ಅಕ್ಕನ ಕೈಗೆ ನೂಕಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

“ಮುಟ್ಟಿದ್ರೆ ಅಂಟ್ಕಂಡಂಗೆ ಆಗ್ತೈತೆ ಅಕ್ಕ. ಮೆತ್ತಗೆ, ಬಿಸಿಬಿಸಿ, ಬರೀ ಕೊಬ್ಬು” ಎಂದು ಬಾಯಿ ತೊಳೆಯುತ್ತ ಅತ್ತಳು. “ನನ್ ಮಗ ಅದು. ನಂಗೊತ್ತು. ಗೊತ್ತಿದ್ರೂ ನೋಡಾಕೆ ಆಗಲ್ಲ. ಹಿಂಗೇ ಆಗೋದ್ರೆ ಅವ್ನು ಯಾರನ್ನ ಅಮ್ಮ ಅಂತಾನೆ?”

ಮೃಣಾಲಿನಿ ಅವಳ ಹಣೆಯಿಂದ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಅಲ್ಲಿಂದ ನೆಟ್ಟಗೆ ತಾನಾಜಿಯ ಜಿಮ್ಮಿಗೆ ಹೋದಳು.

ತಾನಾಜಿ ಅದೇ ಬೆಂಚಿನ ಮೇಲೆ ಡಬ್ಬಿ ತೆರೆದು ಕೂತಿದ್ದ. “ನಿಮಗೆ ಈ ಕೋಳಿ ತಿನ್ನೋವಾಗ ವಾಕರಿಕೆ ಬರುತ್ತಲ್ವಾ?” ಎಂದು ಅವಳು ನಿಂತಲ್ಲಿಂದಲೇ ಕೇಳಿದಳು.

ತಾನಾಜಿ ನಕ್ಕ. “ಕೋಳಿಗಾ? ಏನ್ ಮೇಡಂ ನೀವು! ದಿನದಾಗೆ ನಂಗಿರೋ ಸುಖ ಇದೊಂದೇ.”

“ಮತ್ತೆ ನಿಮಗೆ ಅಷ್ಟೊಂದು ಹೇಸಿಗೆ ಯಾವುದಕ್ಕೆ?”

ಅವನು ನಗು ನಿಲ್ಲಿಸಿ ಗದ್ದದಿಂದಲೇ ಕನ್ನಡಿ ತೋರಿಸಿದ. ಕನ್ನಡಿಯಲ್ಲಿ ಒಂದು ಚೂರೂ ಕೊಬ್ಬಿಲ್ಲದ, ಕಡೆದು ನಿಲ್ಲಿಸಿದಂಥ ಮೈ ಇತ್ತು.

“ಸಣ್ಣವನಿದ್ದಾಗ ನನ್ನ ಬೂದುಗುಂಬಳ ಅಂತಿದ್ರು. ನಮ್ಮಪ್ಪಾನೂ ಅಂತಿದ್ದ. ಅದಿನ್ನೂ ಅಲ್ಲೇ ಐತೆ ಮೇಡಂ. ಮೆಡಲ್ ಹಾಕ್ಕಂಡು ನಿಂತಾಗ್ಲೂ ಅದೇ ಕಾಣ್ತೈತೆ. ನೋಡಿದ್ ಕೂಡ್ಲೇ ಥೂ ಅನ್ನಿಸ್ತೈತೆ. ಅನ್ನಿಸಿದ್ದಕ್ಕೇ ಎತ್ತೀನಿ.” ಡಬ್ಬಿಯ ಮುಚ್ಚಳ ಹಾಕಿದ. “ಮದ್ವೆ ಯಾಕಾಗ್ಲಿಲ್ಲ ಅಂತ ಎಲ್ರೂ ಕೇಳ್ತಾರೆ. ಯಾರಾದ್ರೂ ಮೈ ಮುಟ್ಟಿದ್ರೆ ನಂಗೆ ಆಗಲ್ಲ. ನೀವು ಛಲ ಕೇಳಿದ್ರಿ, ಕೊಟ್ಟೆ. ನನ್ನತ್ರ ಇರಾದು ಇದೇ.”

ಮೃಣಾಲಿನಿಗೆ ಇಡೀ ಊರಿನ ಹಣೆಗೆ ತಾನು ಕಟ್ಟಿದ್ದು ಏನೆಂದು ಆಗ ಅರ್ಥವಾಯಿತು. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು.

ಪ್ರಯೋಗಾಲಯಕ್ಕೆ ಮರಳಿ ಆ ಮಿಡಿತವನ್ನು ಪೂರ್ತಿ ತೆಗೆದುಹಾಕಿ ಹೊಸ ಪಟ್ಟಿ ಮಾಡಿದಳು. ಅದನ್ನು ಕಟ್ಟಿಕೊಂಡವರು ಡಂಬೆಲನ್ನು ಒಮ್ಮೆ ಎತ್ತಿ, ಚೆನ್ನಾಗಿದೆ ಎಂದು ಕೆಳಗಿಟ್ಟು ಕಾಫಿ ಕುಡಿಯಲು ಹೋದರು. ಹೇಸಿಗೆಯನ್ನು ತೆಗೆದ ಮೇಲೆ ಛಲವೆಂದು ಕರೆಯುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಅವಳು ಪತ್ರಿಕೆಯವರನ್ನು ಕರೆದು ತನ್ನ ತಪ್ಪನ್ನು ಬಿಡಿಸಿ ಹೇಳಿದಳು, ಹಳೆಯ ಪಟ್ಟಿಗಳನ್ನು ಹಿಂದಿರುಗಿಸಿ ಎಂದು ಕೈಮುಗಿದಳು. ಹಿಂದಿರುಗಿಸಿದವರು ಬೆರಳೆಣಿಕೆಯಷ್ಟು. ಉಳಿದವರು ಅದನ್ನು ಇನ್ನಷ್ಟು ಜೋಪಾನ ಮಾಡಿದರು. ಹೊಸದು ಬೇಡ, ಅಸಲಿಯೇ ಬೇಕು ಎಂದು ಅಂಗಡಿಗಳ ಮುಂದೆ ಸಾಲು ನಿಂತರು. ಹೇಸಿಗೆ ಆದರೆ ಆಗಲಿ, ಹೊಟ್ಟೆ ಕರಗುತ್ತಲ್ಲ ಎಂದರು. ಇಂಥವರನ್ನು ಏನೆಂದು ಬೈಯುವುದು?

ಕುಮುದಾ ಮಾತ್ರ ಮತ್ತೆ ಪಟ್ಟಿ ಕೇಳಲಿಲ್ಲ. ಮೊದಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಗುವನ್ನು ಎತ್ತಿಕೊಂಡಳು. ಆಮೇಲೆ ಬಟ್ಟೆ ಬಿಟ್ಟಳು. ಒಂದು ಭಾನುವಾರ ಮೃಣಾಲಿನಿ ಬಂದಾಗ ಕುಮುದಾ ಬಚ್ಚಲಿನಲ್ಲಿ ಸೀರೆಯನ್ನು ಮೊಣಕಾಲವರೆಗೆ ಎತ್ತಿಕಟ್ಟಿ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದಳು. ತೊಡೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ತೀಡಿ, ಬಗ್ಗಿ ಅಲ್ಲೇ ಮುತ್ತು ಕೊಟ್ಟಳು. ಮಗು ಕೇಕೆ ಹಾಕಿತು. ಬಾಗಿಲಲ್ಲಿ ನಿಂತ ಮೃಣಾಲಿನಿಗೆ ಕಣ್ಣು ತುಂಬಿ ಬಂತು.

“ವಾಕರಿಕೆ ಪೂರ್ತಿ ಹೋಯ್ತಾ?” ಎಂದು ಕೇಳಿದಳು.

“ಇವನ್ನ ಕಂಡ್ರೆ ಬರಾದು ಹೋಯ್ತಕ್ಕ” ಎಂದಳು ಕುಮುದಾ. ಒದ್ದೆ ಸೆರಗನ್ನು ಎಳೆದು ತನ್ನ ಹೊಟ್ಟೆ ಮುಚ್ಚಿಕೊಂಡಳು.

“ನಿನ್ನ ನೀನೇ ಕಂಡ್ರೆ?”

“ಅದಾ? ಅದು ನಿನ್ ಪಟ್ಟೀದಲ್ಲ ಬಿಡು. ನಂಗೆ ಹೈಸ್ಕೂಲಿಂದಾನೂ ಐತೆ.” ಕುಮುದಾ ಚೊಂಬಿನಿಂದ ನೀರು ಹುಯ್ಯುತ್ತ, ಅಕ್ಕನ ಕಡೆಗೆ ನೋಡದೆಯೇ ಕೇಳಿದಳು, “ಯಾಕೆ, ನಿಂಗಿಲ್ವಾ?”

ಇಲ್ಲ ಎನ್ನಲು ಮೃಣಾಲಿನಿ ಬಾಯಿ ತೆರೆದಳು. ಉಸಿರು ಸಾಲಲಿಲ್ಲ. ಬಂದಾಗಿನಿಂದಲೂ ತಾನು ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು ನಿಂತಿರುವುದು ಅವಳಿಗೆ ಆಗ ತಿಳಿಯಿತು.