ಎರಡು ಇಂಚು ಹೊರಗೆ ಬಂದ ಗಾಲಿ

ಫೆಬ್ರುವರಿಯ ಮೊದಲ ಮಂಗಳವಾರ ಸಂಜೆ ಏಳೂವರೆಗೆ ಯಲಗೂರಪ್ಪ ಇಚಲಕರಂಜಿಯ ಠಾಣೆಗೆ ಬಂದ. ಅವನ ತಲೆಗೂದಲು, ಹುಬ್ಬುಗಳ ಮೇಲೆಲ್ಲ ಮಗ್ಗದ ಹತ್ತಿಧೂಳು ಕೂತಿತ್ತು. ಅಂಗಿಯ ತೋಳಿಗೆ ರಕ್ತ ಮೆತ್ತಿತ್ತು. ಆ ರಕ್ತ ಅವನದಲ್ಲ. ಹೆಂಡತಿ ಹೌಸಾಬಾಯಿಯನ್ನು ಆಂಬುಲೆನ್ಸಿಗೆ ಎತ್ತಿ ಮಲಗಿಸುವಾಗ ಹತ್ತಿದ್ದು. ಮಗಳನ್ನು ಅವಳ ಜೊತೆ ಕೊಲ್ಹಾಪುರದ ಸರ್ಕಾರಿ ಆಸ್ಪತ್ರೆಗೆ ಕಳಿಸಿ, ತಾನು ಫಿರ್ಯಾದಿ ಕೊಡಲು ಬಂದಿದ್ದ.

ಸಹಾಯಕ ಪೊಲೀಸ್ ನಿರೀಕ್ಷಕಿ ರತ್ನಮಾಲಾ ಮಗದುಮ್ ಅವನನ್ನು ಕೂರಿಸಿ ನೀರು ತರಿಸಿದಳು. ಅವನು ಲೋಟ ಹಿಡಿದ, ಕುಡಿಯಲಿಲ್ಲ.

"ಎಲ್ಲಿ ಆತು?"

"ಕೊರೋಚಿ ತಿರುವಿನ್ಯಾಗ್ರಿ, ಬಾಯಿಸಾಹೇಬ್ರ. ಮಗ್ಗಕ್ಕ ನೂಲಿನ ಕಾಂಡಿ ಸುತ್ತೂ ಕೆಲಸ ಮುಗಿಸಿ ಮನಿಗೆ ಬರಾಕತ್ತಿದ್ಲು. ರಸ್ತಾ ಬಿಟ್ಟು ಕೆಳಗ ಮಣ್ಣಿನ್ಯಾಗ ನಡದಿದ್ಲ್ರಿ."

"ಗಾಡಿ ಯಾವ್ದು?"

"ಸಣ್ಣ ಕಾರ್ರಿ. ನೆಲಕ್ಕ ಹತ್ತಿಕೊಂಡಂಗ ಇತ್ತಂತ. ಬಣ್ಣ ಯಾರಿಗೂ ಗೊತ್ತಾಗಿಲ್ಲ, ಕತ್ತಲಾಗಿತ್ತು. ಇಚಲಕರಂಜಿ ಕಡೆ ಹೋಗೇತಿ."

"ನಿಲ್ಲಿಸಿದ್ನ?"

"ಇಲ್ರಿ." ಲೋಟ ಕೆಳಗಿಟ್ಟು ಅವನೇ ಹೇಳಿದ: "ಮಂದಿ ಅಂತಾರ, ಅದು ಅಮರನ ಗಾಡೀನ ಅಂತ. ನಮ್ಮ ಊರಾಗ ಅಂಥಾ ಗಾಡಿ ಇನ್ಯಾರ ಕಡೆ ಐತ್ರಿ?"

ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 125, ಜೊತೆಗೆ ಮೋಟಾರು ವಾಹನ ಕಾಯ್ದೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಹೌಸಾಬಾಯಿ ತೀರಿಕೊಂಡರೆ ಕಲಂ ಬದಲಾಗುತ್ತದೆ. ಅದನ್ನು ರತ್ನಮಾಲಾ ಅವನಿಗೆ ಹೇಳಲಿಲ್ಲ.

ಹವಾಲ್ದಾರ್ ಅಲ್ಲಪ್ಪನನ್ನು ಕರೆದುಕೊಂಡು ಅವಳು ಕೂಡಲೇ ಸ್ಥಳಕ್ಕೆ ಹೋದಳು. ತಿರುವಿಗಿಂತ ತುಸು ಮುಂಚೆ ಒಡೆದುಹೋದ ಒಂದು ರಸ್ತೆಯುಬ್ಬು. ಅದರಾಚೆ ಡಾಂಬರಿನ ಮೇಲೆ ಒಂದೇ ಗಾಲಿಯ ಕಪ್ಪು ಎಳೆತ, ಎಡಕ್ಕೆ ವಾಲಿ ಮಣ್ಣಿಗಿಳಿದಿತ್ತು. ಕಂಬದ ಮೇಲಿನ ಕ್ಯಾಮೆರಾದ ವೈರು ರಸ್ತೆ ಅಗೆಯುವಾಗ ತುಂಡಾಗಿ ಎಷ್ಟೋ ದಿನವಾಗಿತ್ತು. ಟಾರ್ಚಿನ ಬೆಳಕಿನಲ್ಲಿ ಅಲ್ಲಪ್ಪ ಬಾಗಿ ಏನನ್ನೋ ಎತ್ತಿದ. ಗೇಣುದ್ದದ ರಬ್ಬರಿನ ಪಟ್ಟಿ. ಒಂದು ಅಂಚು ಟೈರಿನ ಹಲ್ಲುಗಳಿಂದ ಕೂಡಿತ್ತು, ಇನ್ನೊಂದು ಅಂಚು ಕುಡುಗೋಲಿನಿಂದ ಸೀಳಿದಂತೆ ನುಣುಪಾಗಿತ್ತು.

"ಟೈರು ಒಡದ್ರ ಹಿಂಗ ಆಗಂಗಿಲ್ರಿ ಮೇಡಂ. ಚಿಂದಿಚಿಂದಿ ಆಗತೈತಿ. ಇದನ್ನ ಏನೋ ಕೊಯ್ದೈತಿ."

ಸಾಕ್ಷಿಗೆಂದು ಕರೆದ ಪಂಚರ ಸಮಕ್ಷಮ ಪಟ್ಟಿಯನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು. ಸ್ಥಳ ಪಂಚನಾಮೆಗೆ ಸಹಿ ಬೀಳುತ್ತಿದ್ದಾಗಲೇ ಠಾಣೆಯಿಂದ ಫೋನ್ ಬಂತು: ಅಮರನ ಮನೆಯೆದುರು ಗುಂಪು ಸೇರಿದೆ.

ಇಪ್ಪತ್ತು ಮೂವತ್ತು ಜನ ಇದ್ದರು. ಅಮರನ ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಅಂಗಳದಲ್ಲಿ ಕಪ್ಪು ಬಣ್ಣದ ಸಣ್ಣ ಕಾರು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದು. ಆಗಲೇ ಯಾರೋ ಅದರ ಹಿಂದಿನ ಗಾಜು ಒಡೆದಿದ್ದರು. ಮೊಬೈಲು ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅಮರ ತುಟಿ ಒಡೆಸಿಕೊಂಡು ಒಳಗೆ ಗೋಡೆಗೆ ಆತು ಕೂತಿದ್ದ. ರತ್ನಮಾಲಾ ಒಳಗೆ ಬಂದದ್ದೇ ಎದ್ದು ಕೈ ಮುಗಿದ.

"ಮೀ ನಾಹೀ ಕೇಲಂ, ಮ್ಯಾಡಮ್, ನಾ ಮಾಡಿಲ್ರಿ. ಆಯೀ ಶಪ್ಪತ್."

"ಅವ್ವನ ಆಣಿ ಬ್ಯಾಡ. ಸಂಜಿ ಆರರಿಂದ ಏಳರ ತನಕ ಎಲ್ಲಿದ್ದಿ?"

"ಅಂಗಡ್ಯಾಗ ಒಬ್ಬನ ಇದ್ನಿರಿ. ಗಿರಾಕಿ ಇರ್ಲಿಲ್ಲ."

ಸಾಕ್ಷಿಯಿಲ್ಲದ ಮಾತು. ಅವಳು ಅವನನ್ನೂ ಕಾರನ್ನೂ ಠಾಣೆಗೆ ತಂದಳು. ಆರೋಪಿಯೆಂದಲ್ಲ, ಮುಖ್ಯವಾಗಿ ಆ ಗುಂಪಿನ ಕೈಗೆ ಸಿಗಬಾರದೆಂದು.

ಮರುದಿನ ಬೆಳಿಗ್ಗೆ ಸಾರಿಗೆ ಕಚೇರಿಯ ಮೋಟಾರು ವಾಹನ ನಿರೀಕ್ಷಕರು ಬಂದರು. ಸುದ್ದಿ ತಿಳಿದು ಕೊರೋಚಿಯ ಮಂದಿ ಗೇಟಿನ ಹೊರಗೆ ನೆರೆದಿದ್ದರು. ಯಲಗೂರಪ್ಪನೂ ಇದ್ದ. ಹೌಸಾಬಾಯಿಗೆ ಇನ್ನೂ ಎಚ್ಚರವಾಗಿರಲಿಲ್ಲ.

ನಿರೀಕ್ಷಕರು ರಬ್ಬರಿನ ಪಟ್ಟಿಯನ್ನು ಮೊಹರಾದ ಪಾರದರ್ಶಕ ಚೀಲದ ಸಮೇತ ಹಗಲು ಬೆಳಕಿಗೆ ಹಿಡಿದು ನೋಡಿದರು. "ಟೈರಿನ ಹೊರ ಅಂಚಿನದು. ಮಡ್‌ಗಾರ್ಡಿನ ತಗಡಿನ ಅಂಚು ಕೊಯ್ದಿದೆ. ಗಾಲಿ ಬಾಡಿಯಿಂದ ಹೊರಗೆ ಚಾಚಿತ್ತು, ಗಾಡಿ ತಗ್ಗಿಸಿತ್ತು, ಹಿಂದೆ ಭಾರವೂ ಇತ್ತು. ಮೂರೂ ಕೂಡಿದರೇ ಹೀಗಾಗೋದು."

ರತ್ನಮಾಲಾ ಅಮರನ ಕಡೆ ತಿರುಗಿದಳು. "ನಿನ್ನ ಗಾಲಿ ಎಷ್ಟು ಅಗಲ?"

"ಕಂಪನೀದು ಐದೂವರೆ ಇಂಚು ಇತ್ತರಿ, ಆಫ್‌ಸೆಟ್ ನಲವತ್ತೈದು. ನಾ ಹಾಕಿದ್ದು ಆರೂವರೆ, ಆಫ್‌ಸೆಟ್ ಮೂವತ್ತೆಂಟು."

"ಆಫ್‌ಸೆಟ್ ಅಂದ್ರ?"

"ಬೋಲ್ಟ್ ಕೂಡೂ ಜಾಗಾ ಗಾಲೀ ನಡುವಿನಿಂದ ಎಷ್ಟು ಹೊರಗೈತಿ ಅನ್ನೂದ್ರಿ, ಮಿಲಿಮೀಟರ್ ಲೆಕ್ಕದಾಗ. ಆ ನಂಬರ್ ಕಡಿಮಿ ಆದಂಗೆಲ್ಲ ಗಾಲಿ ಹೊರಗ ಬರತೈತಿ. ಅಗಲ ಹೆಚ್ಚಾದ್ರ ಅರ್ಧ ಹೊರಗ, ಅರ್ಧ ಒಳಗ ಹೋಗತೈತಿ. ಎರಡೂ ಕೂಡಿಸಿ ನೋಡಿ ತಗೋಬೇಕ್ರಿ. ನಂದು ಮುಕ್ಕಾಲು ಇಂಚು ಹೊರಗ ಬಂದೈತಿ. ಅದಕಿಂತ ಹೆಚ್ಚು ತಂದಿದ್ರ ತಗಡಿಗೆ ತಾಗತಿತ್ತು."

ಬಾಯಿಮಾತು ಸಾಲದು. ರತ್ನಮಾಲಾ ಠಾಣೆಯಲ್ಲಿದ್ದ ದಪ್ಪನೆಯ ನಾಲ್ವರು ಕಾನ್‌ಸ್ಟೆಬಲ್‌ಗಳನ್ನು ಕರೆದು ಕಾರಿನೊಳಗೆ ಕೂರಿಸಿದಳು. ಹಿಂದಿನ ಸೀಟಿನಲ್ಲಿ ಮೂವರು, ಮೊಣಕಾಲು ಗಲ್ಲಕ್ಕೆ ಹತ್ತಿಸಿಕೊಂಡು. ಅದು ಸಾಲದೆಂದು ಅಲ್ಲಪ್ಪನಿಗೆ ಡಿಕ್ಕಿಯ ಮೇಲೆ ಕೂರಲು ಹೇಳಿದಳು. ಕಾರು ಮುಲುಗುಟ್ಟಿ ಇನ್ನಷ್ಟು ಇಳಿಯಿತು. ಗೇಟಿನ ಹೊರಗೆ ಯಾರೋ ಕಿಸಕ್ಕನೆ ನಕ್ಕರು. ನಿರೀಕ್ಷಕರು ಮಂಡಿಯೂರಿ ಟೈರಿಗೂ ತಗಡಿಗೂ ನಡುವೆ ಬೆರಳು ತೂರಿಸಿದರು. ಬೆರಳು ಸಲೀಸಾಗಿ ಆಡಿತು. ತಗಡಿನ ಒಳಂಚಿನ ಬಣ್ಣ ಹಾಗೇ ಇತ್ತು, ಅದರ ಮೇಲೆ ತಿಂಗಳುಗಟ್ಟಲೆ ಕೂತ ಧೂಳೂ ಕದಲಿರಲಿಲ್ಲ. ನಾಲ್ಕೂ ಟೈರುಗಳು ಒಂದೇ ಸಮ ಸವೆದಿದ್ದವು.

"ಈ ಗಾಡಿ ಅಲ್ಲ," ಎಂದರು ಅವರು.

ಅಮರ ತನ್ನ ಕಾರಿಗೆ ಒರಗಿದ. ಒಡೆದ ತುಟಿಯನ್ನೂ ಮರೆತು ಬಾಯಿ ತೆರೆದು ಉಸಿರು ಬಿಟ್ಟ. ಯಲಗೂರಪ್ಪ ಗೇಟು ದಾಟಿ ಬಂದು ಅವನ ತಲೆಯ ಮೇಲೆ ಕೈಯಿಟ್ಟ. "ನಾನೂ ಅಂದಿದ್ನೆಪಾ ನಿನ್ನ ಹೆಸರು. ಮನಸಿನ್ಯಾಗ ಇಟಗೋಬ್ಯಾಡ." ಅದನ್ನು ಕಂಡು ರತ್ನಮಾಲಾಳ ಎದೆಯ ಮೇಲಿನ ಕಲ್ಲೊಂದು ಇಳಿಯಿತು. ಮುಂದೊಮ್ಮೆ ಇದೇ ಅಮರನ ಮನೆಯ ಮುಂದೆ ಇದೇ ಜನ ಸೇರುವ ಭಯ ಅವಳಿಗೆ ರಾತ್ರಿಯಿಡೀ ಇತ್ತು.

ಆದರೆ ಗಾಡಿ ಯಾವುದು?

ಆಂಬುಲೆನ್ಸು ಬೇಗ ಬಂದಿತ್ತೆಂದು ಯಲಗೂರಪ್ಪ ಹೇಳಿದ್ದ. ಓಡಿ ಬಂದವರನ್ನೆಲ್ಲ ಕೇಳಿದಾಗ, ಕರೆ ಮಾಡಿದ್ದು ತಾವಲ್ಲವೆಂದರು. ಎಲ್ಲರೂ ಫೋನ್ ತೆಗೆಯುವಷ್ಟರಲ್ಲೇ ಸೈರನ್ ಕೇಳಿಸಿತ್ತಂತೆ. ಅವಳು 108ರ ಕೇಂದ್ರಕ್ಕೆ ಪತ್ರ ಕಳಿಸಿದಳು. ಸಂಜೆಗೆ ನಂಬರ್ ಬಂತು. ತಿರುವಿನಿಂದ ಎರಡು ಕಿಲೋಮೀಟರಿನಾಚೆ ಚಹಾದ ಗಾಡಿ ಇಟ್ಟುಕೊಂಡ ಅಕ್ಕವ್ವ ಎಂಬ ಮುದುಕಿಯ ನಂಬರದು.

ಅಕ್ಕವ್ವ ಸ್ಟವ್ ಆರಿಸಿ ಮಾತಿಗೆ ನಿಂತಳು.

"ನಾನ ಮಾಡಿದ್ದು ಖರೆ. ಹೇಳಿದಾವ ಬ್ಯಾರೆ. ಒಂದು ಹುಡುಗ ಕಾರ್ ನಿಲ್ಲಿಸಿ ಓಡಿ ಬಂದ. 'ಆಯೀ, ಅಲ್ಲಿ ತಿರುವಿನ್ಯಾಗ ಒಬ್ಬಾಕಿ ಬಿದ್ದಾಳ, 108ಕ್ಕ ಹಚ್ಚು, ಲಗೂ ಹಚ್ಚು' ಅಂದ. ನಿನ್ನ ಫೋನಿಲೆ ಹಚ್ಚೋ ಅಂದ್ರ ಚಾರ್ಜ್ ಇಲ್ಲ ಅಂದ."

"ಗಾಡಿ ಯಾವ ಬಣ್ಣದ್ದು?"

"ಕುಂಕುಮ ಕರ್ರಗಾದ್ರ ಹೆಂಗಿರತೈತಿ, ಹಂಗ. ಹಿಂದ ಬಟ್ಟೆ ಗಂಟು ತುಂಬಿದ್ದ. ಹಿಂದಿನ ಎಡಗಡೆ ಗಾಲಿ ಹೋಗಿತ್ತು, ಸುಟ್ಟ ವಾಸನಿ. ಇಲ್ಲೇ ಬದಲಿ ಮಾಡಿದ. ಮೂರು ಗಾಲಿ ದಪ್ಪ, ಇದೊಂದು ಸಣಕಲು."

"ಮತ್ತೇನರ ಅಂದ್ನ?"

"ಇಲ್ಲ. ಆಂಬುಲೆನ್ಸ್ ಹಿಂಗ ದಾಟಿ ಹೋತಲ್ಲ, ಅಲ್ಲೀತನಕ ನಿಂತಿದ್ದ. ಅಳಾಕತ್ತಿದ್ದ. ಬಿದ್ದಾಕಿ ಅವನ ಪೈಕಿ ಅಂತ ನಾ ತಿಳಕೊಂಡಿದ್ನಿ."

ಓಡಿ ಹೋದವನು ಎರಡು ಕಿಲೋಮೀಟರ್ ಹೋಗಿ ನಿಂತಿದ್ದ. ಇದು ರತ್ನಮಾಲಾಳಿಗೆ ಹೊಸದು. ಜೀಪಿನಲ್ಲಿ ಹಿಂದಿರುಗುವಾಗ ಅವಳು ಅದನ್ನೇ ಯೋಚಿಸುತ್ತಿದ್ದಳು.

ದಟ್ಟ ಕೆಂಪು ಕಾರು ಎಂದದ್ದೇ ಅಮರನಿಗೆ ನೆನಪು ಬಂತು. ಕೊಲ್ಹಾಪುರದಲ್ಲಿ ಭಾನುವಾರ ಬೆಳಿಗ್ಗೆ ಇಂಥ ಗಾಡಿಗಳವರು ಸೇರುತ್ತಾರೆ. ದೀಪಾವಳಿಯ ಸುಮಾರಿಗೆ ಗಡಹಿಂಗ್ಲಜದ ಕಡೆಯವನೊಬ್ಬ ಬಂದಿದ್ದ.

"ಹೆಸರು ಗೊತ್ತಿಲ್ರಿ. ಏಳೂವರೆ ಅಗಲ, ಆಫ್‌ಸೆಟ್ ಇಪ್ಪತ್ತು, ಹಾಕ್ಲೇನು ಅಂತ ಕೇಳಿದ. ನಾ ಟೇಪ್ ಹಿಡದು ತೋರಿಸಿದ್ನಿ. ಅಗಲದಾಗ ಒಂದು ಇಂಚು ಹೊರಗ, ಆಫ್‌ಸೆಟ್ಟಿನ್ಯಾಗ ಮತ್ತೊಂದು ಇಂಚು. ಕಂಪನಿ ಗಾಲಿಗಿಂತ ಒಟ್ಟ ಎರಡು ಇಂಚು ಹೊರಗ ಬಂದು ಬಾಡಿ ದಾಟಿ ನಿಲ್ಲತೈತಿ. ಒಬ್ಬನ ಇದ್ದಾಗ ನಡೀತೈತಿ, ಮಾಲು ಹಾಕಿದ ದಿವಸ ತಗಡು ಟೈರನ್ನ ಕೊಯ್ತೈತಿ ಅಂದ್ನಿ."

"ಅದಕ್ಕ ಏನಂದ?"

"ಹಿಂದಿನಿಂದ ನೋಡಿದ್ರ ಗಾಡಿ ಅಗಲ ಕಾಣಬೇಕು ಅಂದ, ಅಷ್ಟ."

ಆ ಅಳತೆಯ ಗಾಲಿ ದಿನಕ್ಕೆ ಹತ್ತು ಮಾರಾಟವಾಗುವಂಥದಲ್ಲ. ಗುರುವಾರ ಬೆಳಿಗ್ಗೆ ಕೊಲ್ಹಾಪುರದ ಮೂರನೆಯ ಅಂಗಡಿಯಲ್ಲೇ ಗುರುತು ಸಿಕ್ಕಿತು. ಕೊಂಡವನು ಸಿದ್ಧಲಿಂಗ, ಗಡಹಿಂಗ್ಲಜ ಪೇಟೆಯ ಬಟ್ಟೆ ವ್ಯಾಪಾರಿ; ಕೊರೋಚಿಯ ಮಗ್ಗದವರಿಂದ ಮಾಲು ಒಯ್ಯುವವನು.

ರತ್ನಮಾಲಾ ಜೀಪು ಹತ್ತುವಾಗ ಯಲಗೂರಪ್ಪನ ಫೋನ್ ಬಂತು. ಅವಳು ಕೆಟ್ಟ ಸುದ್ದಿಗೆ ಮನಸ್ಸು ಗಟ್ಟಿ ಮಾಡಿಕೊಂಡಳು.

"ಬಾಯಿಸಾಹೇಬ್ರ, ಕಣ್ಣ ತಗದಾಳ್ರಿ. 'ಊಟಾ ಮಾಡಿಯೇನು' ಅಂತ ನನ್ನ ಕೇಳ್ಯಾಳ್ರಿ. ಕಾಲು ಮುರದೈತಿ, ಆದ್ರ ಜೀವಕ್ಕೇನೂ ಭೀತಿ ಇಲ್ಲ ಅಂದ್ರು ಡಾಕ್ಟರ್."

"ಮಾಡೀರೇನು ಊಟಾ?" ಎಂದಷ್ಟೇ ಕೇಳಲು ಅವಳಿಂದಾಯಿತು.

ಮಧ್ಯಾಹ್ನ ಎರಡಕ್ಕೆ ಗಡಹಿಂಗ್ಲಜ ತಲುಪಿ, ಸ್ಥಳೀಯ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಸಿದ್ಧಲಿಂಗನ ಮನೆಗೆ ಹೋದರು. ಹಿತ್ತಿಲ ಶೆಡ್ಡಿನಲ್ಲಿ ಕಾರು ಇತ್ತು. ನಾಲ್ಕೂ ಕಡೆ ಕಂಪನಿಯ ಹಳೆಯ ಗಾಲಿಗಳು. ಆದರೆ ಹಿಂದಿನ ಎಡ ಮಡ್‌ಗಾರ್ಡಿನ ಅಂಚು ಬಣ್ಣ ಕಳೆದುಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ಬಟ್ಟೆಯ ಗಂಟುಗಳ ಹಿಂದೆ ಅಗಲದ ಗಾಲಿಗಳಿದ್ದವು. ಅಲ್ಲಪ್ಪ ಕೊಯ್ದು ಹೋದ ಟೈರನ್ನು ಹೊರಗೆಳೆದ. ಪಂಚರೆದುರು ಮೊಹರು ಒಡೆದು ರಬ್ಬರಿನ ಪಟ್ಟಿಯನ್ನು ಆ ಸೀಳಿಗೆ ಹಿಡಿದರು. ಹಲ್ಲಿಗೆ ಹಲ್ಲು ಕೂತಿತು.

ಸಿದ್ಧಲಿಂಗ ಅಂಗಡಿಯಿಂದ ತಾನಾಗಿಯೇ ನಡೆದು ಬಂದ. ಮೂವತ್ತು ದಾಟದ ಹುಡುಗ, ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿದ್ದವು. ಯಾವ ಪ್ರಶ್ನೆಗೂ ಕಾಯಲಿಲ್ಲ.

"ನಂದ ತಪ್ಪರಿ. ಯಾವ ಕಲಂ ಆದ್ರೂ ಹಾಕ್ರಿ." ಆಮೇಲೆ ಧ್ವನಿ ಇಳಿಯಿತು. "ಆಕೀ ಮಣ್ಣು ಎಲ್ಲಿ ಆತ್ರಿ?"

ಅವಳು ಬದುಕಿರುವುದು ಅವನಿಗೆ ತಿಳಿದೇ ಇರಲಿಲ್ಲ. ಪೇಪರು ಮುಟ್ಟಿರಲಿಲ್ಲ, ಫೋನ್ ತೆರೆದಿರಲಿಲ್ಲ.

"ಮಣ್ಣು ಯಾಕ? ಆಕಿ ಬದುಕ್ಯಾಳ," ಎಂದಳು ರತ್ನಮಾಲಾ. "ಇವತ್ತ ಮುಂಜಾನೆ ಮಾತಾಡ್ಯಾಳ."

ಸಿದ್ಧಲಿಂಗ ಅವಳ ಮುಖವನ್ನೇ ನೋಡಿದ. ಸುಳ್ಳಲ್ಲವೆಂದು ಖಾತ್ರಿಯಾದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತ. ಸದ್ದಿಗೆ ಅವನ ತಾಯಿ ಗೌರವ್ವ ಅಡುಗೆಮನೆಯಿಂದ ಬಂದಳು. ಪೊಲೀಸರನ್ನೂ ಮಗನನ್ನೂ ಟೈರನ್ನೂ ನೋಡಿದಳು. ಅಲ್ಲಪ್ಪ ಮೆಲ್ಲಗೆ ವಿಷಯ ಹೇಳಿದ.

"ಅಲ್ಲೇ ಯಾಕ ನಿಂದರಲಿಲ್ಲ?" ರತ್ನಮಾಲಾ ಹುಡುಗನನ್ನು ಕೇಳಿದಳು. "ಎರಡು ಕಿಲೋಮೀಟರ್ ಹೋಗಿ ನಿಂತಾವ, ಅಲ್ಲೇ ನಿಂದರಬಹುದಿತ್ತಲ್ಲ?"

ಅವನು ತಾಯಿಯ ಕಡೆ ನೋಡದೆ ಹೇಳಿದ. ಆರು ವರ್ಷದ ಹಿಂದೆ ಸಂಕೇಶ್ವರದ ರಸ್ತೆಯಲ್ಲಿ ಅವನಪ್ಪನಿಗೆ ಯಾವುದೋ ಗಾಡಿ ಗುದ್ದಿ ಹೋಗಿತ್ತು. ಬೆಳಗಾಗುವ ತನಕ ಯಾರೂ ನೋಡದೆ ಅವನು ಅಲ್ಲೇ ತೀರಿಕೊಂಡಿದ್ದ. ಗಾಡಿ ಸಿಗಲೇ ಇಲ್ಲ. ಅಂದಿನಿಂದ ಗೌರವ್ವ ದೇವರಿಗೆ ದೀಪ ಹಚ್ಚುವಾಗಲೆಲ್ಲ ಆ ಕಾಣದ ಡ್ರೈವರನಿಗೆ ಶಾಪ ಹಾಕುತ್ತಿದ್ದಳು.

"ದಿನಾ ಕೇಳ್ತಿದ್ನಿರಿ. ಆ ಹೆಣ್ಣಮಗಳು ಬಿದ್ದದ್ದು ಕನ್ನಡ್ಯಾಗ ಕಂಡಾಗ ಅವ್ವನ ದನೀನ ಕಿವ್ಯಾಗ ಬಂತು. ಅವ್ವ ಬೈಯೂ ಡ್ರೈವರ್ ಈಗ ನಾನ ಆದ್ನಲ್ಲಾ ಅನಸ್ತು. ಪೊಲೀಸರಿಗೆ ಅಂಜಲಿಲ್ರಿ. ಮನಿಗೆ ಬಂದು ಏನಂತ ಹೇಳ್ಲಿ ಅಂತ ಓಡಿದ್ನಿ. ಆಮ್ಯಾಲ ಅಪ್ಪ ಹಂಗ ಬಿದ್ದಿದ್ನಲ್ಲ ಅಂತ ನೆನಪಾತು. ಕಾಲು ಬ್ರೇಕಿನ ಮ್ಯಾಲ ಬಂತು."

ಗೌರವ್ವ ಮಗನ ಹತ್ತಿರ ಬಂದು ಸೆರಗಿನಿಂದ ಅವನ ಮೂಗು ಒರೆಸಿದಳು, ಸಣ್ಣವನಿದ್ದಾಗ ಒರೆಸಿದಂತೆ. "ನಿನ್ನಪ್ಪಗ ಯಾರೂ ಫೋನ್ ಹಚ್ಚಲಿಲ್ಲೋ," ಎಂದಳು. "ನೀ ಹಚ್ಚಿಸೀದಿ." ನಂತರ ರತ್ನಮಾಲಾಳಿಗೆ: "ಒಯ್ಯಿರಿ. ತಪ್ಪು ಮಾಡ್ಯಾನ, ಅನುಭವಿಸ್ಲಿ. ನನಗ ಆ ಹೆಣ್ಣಮಗಳು ಇರೂ ದವಾಖಾನಿ ಯಾವ್ದು ಹೇಳ್ರಿ."

ಕಾರು, ಗಾಲಿ, ಟೈರು ಜಪ್ತಿಯಾದವು. ಮೂರೂವರೆಗೆ ಬಂಧನದ ದಾಖಲೆ ಮುಗಿಯಿತು. ಕಲಂ ಜಾಮೀನಿನದು, ಹುಡುಗ ನಾಳೆ ಸಂಜೆಯೊಳಗೆ ಮನೆಗೆ ಬರಬಹುದೆಂದು ರತ್ನಮಾಲಾ ತಾಯಿಗೆ ತಿಳಿಸಿದಳು. ಅಕ್ಕವ್ವನ ಹೇಳಿಕೆಯನ್ನೂ ದೋಷಾರೋಪ ಪಟ್ಟಿಯಲ್ಲಿ ಸೇರಿಸುವುದೆಂದು ಆಗಲೇ ಅವಳು ಮನಸ್ಸಿನಲ್ಲಿ ನಿಶ್ಚಯಿಸಿದ್ದಳು. ಓಡಿದ್ದೂ ನಿಜ, ನಿಂತದ್ದೂ ನಿಜ. ಎರಡೂ ನ್ಯಾಯಾಧೀಶರ ಕಣ್ಣಿಗೆ ಬೀಳಲಿ.

ಜೀಪು ಊರು ದಾಟಿ ಕಬ್ಬಿನ ಗದ್ದೆಗಳ ನಡುವೆ ಬಂದಾಗ ಹಿಂದಿನಿಂದ ಗೊರಕೆ ಕೇಳಿಸಿತು. ರತ್ನಮಾಲಾ ತಿರುಗಿ ನೋಡಿದಳು. ಸಿದ್ಧಲಿಂಗ ಬಾಯಿ ತೆರೆದು ಅಲ್ಲಪ್ಪನ ಭುಜದ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ.

"ಎಬ್ಬಿಸ್ಲೇನ್ರಿ ಮೇಡಂ?" ಅಲ್ಲಪ್ಪ ಪಿಸುಗುಟ್ಟಿದ.

"ಬ್ಯಾಡ."

ಇಚಲಕರಂಜಿ ಬರುವ ತನಕ ಅಲ್ಲಪ್ಪ ಆ ಭುಜವನ್ನು ಅಲ್ಲಾಡಿಸಲಿಲ್ಲ.