ಒಂದು ಸಲಕ್ಕೆ ಒಂದು ಮನೆ

“ನಿಮ್ಮ ಪ್ರೋಗ್ರಾಂನ ಸಾಯಿಸಿದ್ದು ನಾನೇ.”

ಇಷ್ಟು ಹೇಳಿ ಅವನು ಮತ್ತೆ ಪರದೆಯ ಕಡೆ ತಿರುಗಿದ. ಒಂದು ಕ್ಷಮೆ ಇಲ್ಲ, ಒಂದು ಅಯ್ಯೋ ಪಾಪ ಇಲ್ಲ.

ಬಾಗಿಲಲ್ಲಿ ನಿಂತಿದ್ದವಳ ಸಿಟ್ಟು ಎಷ್ಟಿತ್ತೆಂದರೆ, ಸರ್ವರ್ ಕೋಣೆಯನ್ನು ತಣ್ಣಗಿಡುವ ಎ.ಸಿ. ಕೂಡ ಬಿಸಿಗಾಳಿ ಉಗುಳಿತು. ನಂಬದವರು ಬೇಕಾದರೆ ಆ ಎ.ಸಿ.ಯನ್ನೇ ಕೇಳಿ ನೋಡಿ.

ಅವಳು ಗ್ಯಾಸ್ ಸ್ಟವ್ ತಯಾರಿಸುವ ಆ ಕಂಪನಿಯ ಪ್ರೋಗ್ರಾಮರ್. ಅರಳು ಹುರಿದಂತೆ ಮಾತಾಡುತ್ತಾಳೆಂದು ಆಫೀಸಿನಲ್ಲಿ ಎಲ್ಲರೂ ಅವಳನ್ನು ‘ಅರಳು’ ಎಂದೇ ಕರೆಯುತ್ತಿದ್ದರು. ಅವನು ಡೇಟಾಬೇಸ್ ನೋಡಿಕೊಳ್ಳುವವನು. ಬಾಯಿ ಬಿಟ್ಟರೆ ಮುತ್ತು ಉದುರಿ ಹೋದೀತೆಂದು ಹೆದರಿ ಕೂತಂತಿದ್ದ ಅವನಿಗೆ ಇದ್ದ ಹೆಸರು ‘ಬೀಗ’.

“ಯಾರನ್ನ ಕೇಳಿ ಸಾಯಿಸಿದ್ರಿ? ಬೆಳಗ್ಗೆಯಿಂದ ಓಡ್ತಾ ಇತ್ತು ಅದು. ಇನ್ನೇನು ಮುಗೀತಿತ್ತು.”

“ಮುಗೀತಿರಲಿಲ್ಲ. ಸರ್ವರ್‌ನ ಮೆಮೊರಿ ಪೂರ್ತಿ ತಿಂದುಹಾಕಿತ್ತು.”

“ಅದು ಏನಕ್ಕೆ ಅಂತಾದ್ರೂ ಗೊತ್ತಾ ನಿಮಗೆ?”

“ಗೊತ್ತು. ವಾಲ್ವ್.”

ಹೌದು, ವಾಲ್ವ್. ಕಂಪನಿಯ ಒಂದು ಮಾದರಿಯ ಸ್ಟವ್‌ನಲ್ಲಿ ಹಾಕಿದ್ದ ವಾಲ್ವ್ ಚಳಿಗೆ ಬಿರುಕು ಬಿಡುತ್ತದೆ, ಗ್ಯಾಸ್ ಸೋರುತ್ತದೆ ಎಂದು ಆ ವಾರವಷ್ಟೇ ಗೊತ್ತಾಗಿತ್ತು. ಹೊರಗೆ ಚಳಿ ಆಗಲೇ ಹಲ್ಲು ಕಡಿಯುತ್ತಿತ್ತು. ಯಾರ ಮನೆಯಲ್ಲಿ ಆ ವಾಲ್ವ್ ಇದೆ? ಮಾರಾಟ ಮತ್ತು ರಿಪೇರಿಯ ದಾಖಲೆಗಳನ್ನೆಲ್ಲ ಜಾಲಾಡಿ ಆ ಮನೆಗಳನ್ನು ಹುಡುಕಿಕೊಡುವ ಕೆಲಸ ಅವಳದು. ಆ ದಾಖಲೆಯ ಸಾಲುಗಳನ್ನು ಅಚ್ಚುಹಾಕಿ ಹಾಸಿದರೆ ಚಂದ್ರನ ತನಕ ಹೋಗಿ, ಅಲ್ಲಿ ಟೀ ಕುಡಿದು, ವಾಪಸ್ಸು ಬರುವಷ್ಟು ಉದ್ದ. ಅವಳ ಪ್ರೋಗ್ರಾಂ ಅಷ್ಟನ್ನೂ ಒಂದೇ ಗುಟುಕಿಗೆ ಕೇಳಿತ್ತು.

“ಇನ್ಮೇಲೆ ಒಂದು ಸಲಕ್ಕೆ ಒಂದು ಸಾವಿರ ಸಾಲಿಗಿಂತ ಜಾಸ್ತಿ ನಿಮಗೆ ಸಿಗಲ್ಲ,” ಎಂದ ಬೀಗ. “ಮಿತಿ ಹಾಕಿದ್ದೀನಿ.”

“ನನಗೊಬ್ಬಳಿಗೇನಾ?”

“ಹೂಂ.”

ನನಗೊಬ್ಬಳಿಗೇ... ಅವಳ ಮೂಗಿನ ತುದಿ ಕೆಂಪಾಯಿತು. ಅವಳು ಬಾಗಿಲು ಹಾಕಿಕೊಂಡು ಹೋದ ಸದ್ದಿಗೆ ಕೆಳಗಿನ ಬೀದಿಯಲ್ಲಿ ಮೂರು ಕಾರುಗಳು ತಾವಾಗಿಯೇ ಕೂಗಿಕೊಂಡವು.

ಮನೆಯಲ್ಲಿ ಅವಳಿಗಿದ್ದವರು ಚಿಕ್ಕಮ್ಮ ಒಬ್ಬರೇ. ಬಟ್ಟೆ ಹೊಲಿದು ಇವಳನ್ನು ಓದಿಸಿದವರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಡೀ ಜಗತ್ತಿಗೆ ಬುದ್ಧಿ ಹೇಳಬಲ್ಲ ಹೆಂಗಸು.

“ಅವನ ಮುಖ ನೋಡ್ಬೇಕಿತ್ತು ಚಿಕ್ಕಮ್ಮ. ಕಲ್ಲು. ಆ ಕನ್ನಡಕ ಬೇರೆ. ಒರೆಸ್ತಾನೆ, ಹಾಕ್ತಾನೆ, ಒರೆಸ್ತಾನೆ...”

“ಅಷ್ಟು ಹೊತ್ತು ನೋಡ್ತಾ ನಿಂತಿದ್ಯಾ?”

“ನಾನ್ಯಾಕೆ ನೋಡ್ಲಿ?”

ಚಿಕ್ಕಮ್ಮ ಸೂಜಿಗಳನ್ನು ಡಬ್ಬಿಗೆ ಹಾಕಿದರು. “ತಟ್ಟೆ ಎರಡೇ ಹಾಕಿದ್ದೀನಿ. ಆದ್ರೆ ಊಟಕ್ಕೆ ಮೂರು ಜನ ಕೂತ ಹಾಗಿದೆ ಕಣೇ.”

ಅವಳು ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದೆ ಸುಮ್ಮನಾದದ್ದು ಹುಟ್ಟಿದ ಮೇಲೆ ಅದೇ ಮೊದಲು ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರೆಂದರೆ ನಾನೇ.

ಮಾರನೆಯ ದಿನ ಹಟಕ್ಕೆ ಬಿದ್ದು ಪ್ರೋಗ್ರಾಂ ತಿದ್ದಿದಳು. ಸಾವಿರ ತಾನೇ? ಸಾವಿರ ಸಾವಿರವೇ ಕೇಳುತ್ತೇನೆ, ಆಗಲಿ. ಪ್ರೋಗ್ರಾಂ ಸಾಧುವಾಗಿ ಓಡತೊಡಗಿತು. ಮೊದಲ ಕಂತು ಬಂತು, ಎರಡನೆಯದು ಬಂತು... ಅವಳು ಕಾಲ ಮೇಲೆ ಕಾಲು ಹಾಕಿ ಕೂತಳು. ಮ್ಯಾನೇಜರ್ ಸಾಹೇಬರು ಬೆನ್ನ ಹಿಂದೆ ಅಡ್ಡಾಡುತ್ತ, “ಪೂರ್ತಿ ಪಟ್ಟಿ ನನ್ನ ಟೇಬಲ್ ಮೇಲೆ ಬರಬೇಕು. ಆಮೇಲೇ ಮೆಕ್ಯಾನಿಕ್‌ಗಳು ಹೊರಡೋದು,” ಎನ್ನುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಪ್ರೋಗ್ರಾಂ ಮತ್ತೆ ಸತ್ತಿತು.

ಆಗ ನಡೆದದ್ದನ್ನು ಆ ಮಹಡಿಯವರು ಇಂದಿಗೂ ಕಣ್ಣರಳಿಸಿ ಹೇಳುತ್ತಾರೆ. ಬೀಗ ತನ್ನ ಕೋಣೆ ಬಿಟ್ಟು ಹೊರಗೆ ಬಂದ! ಮೆಟ್ಟಿಲಿಳಿದು, ಎಲ್ಲರೂ ನೋಡುತ್ತಿರುವಂತೆಯೇ ಅವಳ ಮೇಜಿನ ಹತ್ತಿರ ಬಂದು ನಿಂತ.

“ಈ ಸಲ ನಾನು ಸಾಯಿಸಿಲ್ಲ,” ಎಂದ. “ನಿನ್ನೆ ನಿಮ್ಮ ಪ್ರೋಗ್ರಾಂ ಸುತ್ತ ಇಷ್ಟೇ ಮೆಮೊರಿ ಅಂತ ಒಂದು ಬೇಲಿ ಹಾಕಿದ್ದೆ. ಅದರೊಳಗಿನ ಮೆಮೊರಿ ತುಂಬಿ ಅದೇ ಸತ್ತಿದೆ.”

“ಹೇಗೆ ತುಂಬುತ್ತೆ? ನೀವು ಹೇಳಿದ ಹಾಗೆ ಸಾವಿರ ಸಾವಿರವೇ ತಗೊಂಡೆ.”

“ತಗೊಂಡ್ರಿ. ಬಿಟ್ರಾ?”

“ಅಂದ್ರೆ?”

ಅವನು ಪರದೆಯ ಮೇಲಿನ ಒಂದು ಸಾಲಿನ ಮೇಲೆ ಬೆರಳಿಟ್ಟ. “ನಲ್ಲಿ ಸಣ್ಣಗೆ ಬಿಟ್ಟಿದ್ದೀರಿ. ಕೆಳಗೆ ತೊಟ್ಟಿ ಇಟ್ಟು ಎಲ್ಲಾ ತುಂಬಿಸ್ಕೊತಿದ್ದೀರಿ. ಓದಿದ ಒಂದು ಸಾಲನ್ನೂ ನೀವು ಕೈ ಬಿಟ್ಟಿಲ್ಲ.”

ಪಕ್ಕದ ಮೇಜಿನವರು ಕಿಸಕ್ಕೆಂದರು. ಅವಳ ಕಿವಿ ಕಾದ ಹೆಂಚಾಯಿತು.

“ಮ್ಯಾನೇಜರ್‌ಗೆ ಪೂರ್ತಿ ಪಟ್ಟಿ ಬೇಕು. ಇಟ್ಕೊಳ್ದೆ ಇನ್ನೇನು ಮಾಡ್ಲಿ?”

“ಮೆಕ್ಯಾನಿಕ್‌ಗೆ ಪೂರ್ತಿ ಪಟ್ಟಿ ಯಾಕೆ? ಅವನು ಒಂದು ಸಲಕ್ಕೆ ಹೋಗೋದು ಒಂದು ಮನೆಗೆ.”

ಮಾತು ಸರಿಯಾಗಿತ್ತು. ಅದನ್ನೇ ಅವಳಿಂದ ತಡೆಯಲಾಗಲಿಲ್ಲ. ಸರಿಯಾದ ಮಾತನ್ನು ಇಷ್ಟು ಜನರ ಮುಂದೆ ಹೇಳಬೇಕಿತ್ತೇ? ನನ್ನನ್ನು ಕಂಡರೆ ಇವನಿಗೆ ಅಷ್ಟೊಂದು ತಾತ್ಸಾರವೇ?

ಎದ್ದು ನೇರ ಕಾಲ್ ಸೆಂಟರ್‌ಗೆ ಹೋದಳು. ಗ್ರಾಹಕರ ಫೋನ್ ಎತ್ತುವ ಹಿರಿಯ ಹೆಂಗಸು ಫೋನಕ್ಕ ಅಲ್ಲಿದ್ದಳು. ಯಾರಿಗೆ ದುಃಖವಾದರೂ ಬಂದು ಕೂರುತ್ತಿದ್ದುದು ಅವಳ ಪಕ್ಕದ ಕುರ್ಚಿಯಲ್ಲಿ.

“ಅವನಿಗೆ ನನ್ನ ಕಂಡ್ರೆ ಆಗಲ್ಲ ಅಕ್ಕ. ಬೇಕಂತಲೇ ಮಾಡ್ತಾನೆ. ನಿನ್ನೆ ಓಡ್ತಿದ್ದಿದ್ದನ್ನ ಸಾಯಿಸಿದ, ಇವತ್ತು ಬಂದು ಎಲ್ಲರ ಮುಂದೆ ಪಾಠ.”

ಫೋನಕ್ಕ ಕಿವಿಯಿಂದ ಹೆಡ್‌ಫೋನ್ ತೆಗೆದಳು. “ನಿನ್ನೆ ಯಾಕೆ ಸಾಯಿಸಿದ ಅಂತ ಹೇಳಿಲ್ವಾ ನಿಂಗೆ?”

“ಮೆಮೊರಿ ತಿಂತಂತೆ.”

“ಅಷ್ಟೇ ಹೇಳಿದ್ನಾ?” ಫೋನಕ್ಕ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು. “ನಾವು ಕೆಲಸ ಮಾಡೋದೂ ಅದೇ ಸರ್ವರ್‌ನಲ್ಲಿ ಕಣಮ್ಮ. ನಿನ್ನೆ ನಮ್ಮ ಪರದೆಗಳೆಲ್ಲ ನಿಂತುಹೋದವು. ಒಬ್ಬರು ಅಜ್ಜಿ ಫೋನ್ ಮಾಡಿದ್ರು, ಗ್ಯಾಸ್ ವಾಸನೆ ಬರ್ತಿದೆ ಅಂತ. ಅವರ ವಿಳಾಸ ತೆಗೆಯೋಕೆ ಆಗಲಿಲ್ಲ, ಯಾವ ಮೆಕ್ಯಾನಿಕ್ ಹತ್ರ ಇದ್ದಾನೆ ಅಂತ ನೋಡೋಕೂ ಆಗಲಿಲ್ಲ. ಕಿಟಕಿ ತೆಗೀರಿ, ಹೊರಗೆ ಹೋಗಿ ಅಂದೆ. ಅವರನ್ನೇ ಕೇಳಿ ವಿಳಾಸ ಅಂಗೈ ಮೇಲೆ ಬರ್ಕೊಂಡು ಇವನ ಹತ್ರ ಓಡಿದೆ.”

ಅರಳು ಕುರ್ಚಿಯ ತುದಿಗೆ ಬಂದಳು.

“ಅಜ್ಜಿಗೆ...?”

“ಏನೂ ಆಗಿಲ್ಲ. ಮೆಕ್ಯಾನಿಕ್ ಹೋದ, ತಡವಾಗಿ ಹೋದ. ಮ್ಯಾನೇಜರ್ ಕೂಗಾಡಿದ್ರು. ‘ಸರ್ವರ್ ನೋಡ್ಕೊಳ್ಳೋದು ನಾನು, ಆ ಹುಡುಕಾಟ, ಕಾಲ್ ಸೆಂಟರ್ ಎರಡನ್ನೂ ಒಂದೇ ಕಡೆ ಇಟ್ಟಿದ್ದು ನನ್ನ ತಪ್ಪು’ ಅಂತ ಇವನು ತಲೆ ತಗ್ಗಿಸಿ ನಿಂತ. ನಿನ್ನ ಹೆಸರೇ ಎತ್ತಲಿಲ್ಲ.”

ಹೆಸರೇ ಎತ್ತಲಿಲ್ಲ... ಆ ಕುರ್ಚಿಯಲ್ಲಿ ಅವಳು ಅತ್ತ ಅಳುವಿಗೆ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ನಿಂತು ಪಂಪು ತರಿಸಬೇಕಾಯಿತು ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ಕರವಸ್ತ್ರವಂತೂ ಪೂರ್ತಿ ಒದ್ದೆಯಾಗಿತ್ತು.

ಆಮೇಲೆ ಮುಖ ತೊಳೆದುಕೊಂಡು ಬಂದು ತನ್ನ ಮೇಜಿನ ಮುಂದೆ ಕೂತಳು.

ತೊಟ್ಟಿಯನ್ನು ಕಿತ್ತು ಬಿಸಾಡಿದಳು. ಸಾವಿರ ಸಾಲು ಬರಲಿ. ಅದರಲ್ಲಿ ಕೆಟ್ಟ ವಾಲ್ವ್ ಇರುವ ಮನೆ ಸಿಕ್ಕಿದರೆ ಆ ವಿಳಾಸ ಆ ಕ್ಷಣವೇ ಹತ್ತಿರದ ಮೆಕ್ಯಾನಿಕ್‌ನ ಮೊಬೈಲ್‌ಗೆ ಹೋಗಲಿ. ಕಳಿಸಿದ್ದನ್ನು ಮರೆತುಬಿಡಲಿ. ಕೊನೆಗೆ ಓದಿದ ಸಾಲಿನ ಸಂಖ್ಯೆ ಒಂದನ್ನು ಮಾತ್ರ ಬರೆದಿಟ್ಟುಕೊಳ್ಳಲಿ. ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯಲಿ.

“ನನ್ನ ಪಟ್ಟಿ?” ಎಂದರು ಮ್ಯಾನೇಜರ್ ಸಾಹೇಬರು.

“ಪಟ್ಟಿ ಆಮೇಲೆ ಸಾರ್. ಮನೆ ಮೊದಲು.”

ಅವಳ ದನಿಯಲ್ಲಿ ಏನಿತ್ತೋ, ಸಾಹೇಬರು ಮರುಮಾತಿಲ್ಲದೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಆ ಕುರ್ಚಿ ಅವರನ್ನು ಕಂಡು ಎಷ್ಟೋ ಕಾಲವಾಗಿತ್ತು.

ಪ್ರೋಗ್ರಾಂ ಓಡಿತು. ಪರದೆಯ ಮೇಲೆ ಮೆಮೊರಿ ಎಷ್ಟು ಖರ್ಚಾಯಿತೆಂದು ತೋರಿಸುವ ಗೆರೆ ಮೇಲೇರಲಿಲ್ಲ. ನಿದ್ದೆ ಮಾಡುವ ಮಗುವಿನ ಉಸಿರಿನಂತೆ ಚೂರು ಏರಿ, ಚೂರು ಇಳಿದು, ಒಂದೇ ಸಮ ಇತ್ತು. ಟೀ ಕುಡಿದು ಮುಗಿಸುವುದರೊಳಗೆ ಮೊದಲ ಮೆಕ್ಯಾನಿಕ್‌ನ ಫೋನ್ ಬಂತು. ಹೊಸ ವಾಲ್ವ್ ಹಾಕಿಯಾಗಿತ್ತು. ಇನ್ನೊಬ್ಬನದು ಬಂತು, ಮತ್ತೊಬ್ಬನದು ಬಂತು. ಅತ್ತ ಫೋನಕ್ಕನ ಪರದೆ ಒಂದು ಸಲವೂ ನಿಲ್ಲಲಿಲ್ಲ.

ಅವಳು ಮೆಟ್ಟಿಲು ಹತ್ತಿ ಸರ್ವರ್ ಕೋಣೆಗೆ ಹೋದಳು. ಬಾಗಿಲನ್ನು ಮೆಲ್ಲಗೆ ತೆಗೆದಳು.

“ಯಾಕೆ ಹೇಳ್ಲಿಲ್ಲ ನನಗೆ?”

ಅವನಿಗೆ ಅರ್ಥವಾಯಿತು. ಕನ್ನಡಕ ತೆಗೆದು ಒರೆಸಿದ.

“ಹೇಳಿದ್ರೆ ಹೆದರಿ ಕೋಡ್ ಮುಟ್ತಿರಲಿಲ್ಲ ನೀವು. ಈ ಕೆಲಸ ಮಾಡೋಕೆ ಇಲ್ಲಿ ನಿಮ್ಮಷ್ಟು ಹಟ ಇರೋರು ಬೇರೆ ಯಾರೂ ಇಲ್ಲ.”

“ಅದಕ್ಕೆ ನನ್ನ ಕೈಲಿ ಬೈಸ್ಕೊಂಡ್ರಾ?”

“ಅದೇನೂ ಕಷ್ಟ ಆಗಲಿಲ್ಲ.”

“ಆ ಅಜ್ಜೀನ ನೋಡ್ಬೇಕು. ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ... ಬರ್ತೀರಾ?”

ಅವನು ಎದ್ದು ಕೋಟು ಹಾಕಿಕೊಂಡ.

ಅಜ್ಜಿಯ ಮನೆ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಅಜ್ಜಿ ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು.

“ಒಳಗೆ ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ,” ಎಂದು ಇಬ್ಬರನ್ನೂ ಒಳಕ್ಕೆ ತಳ್ಳಿದರು. ಮೂಗು ಸೋರುತ್ತಿತ್ತು, ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದರು.

ಅರಳು ಕೂರಲಿಲ್ಲ. “ಅಜ್ಜಿ, ನಿನ್ನೆ ನಿಮಗೆ ತಡ ಆಗಿದ್ದು ನನ್ನಿಂದ. ನನ್ನ ಪ್ರೋಗ್ರಾಂನಿಂದ ಆಫೀಸಿನ ಕಂಪ್ಯೂಟರ್‌ಗಳೆಲ್ಲ ನಿಂತುಹೋದವು.”

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಚಳೀಲಿ ಮೆಟ್ಟಿಲ ಮೇಲೆ ಕೂತಿದ್ದೆ ಕಣಮ್ಮ. ಬೈಯೋದಾ ಬೇಡ್ವಾ ಅಂತ ಯೋಚಿಸ್ತಿದ್ದೀನಿ.”

“ಬೈಯಿರಿ.”

“ಮಿಕ್ಕ ಮನೆಗಳ ಕಥೆ ಏನು?”

“ಈಗ ನಡೀತಿದೆ ಅಜ್ಜಿ. ಒಂದಾದ ಮೇಲೆ ಒಂದು. ಎಲ್ಲೂ ನಿಲ್ಲಲ್ಲ.”

“ಹಾಗಾದ್ರೆ ಬೈಗುಳ ಇಟ್ಕೊಂಡಿರ್ತೀನಿ. ನಿಂತ್ರೆ ಬಂದು ತಗೊಂಡು ಹೋಗು.” ಅಜ್ಜಿ ಒಲೆ ಹಚ್ಚಿ ಟೀಗೆ ನೀರಿಟ್ಟರು. ಉರಿ ನೀಲಿಯಾಗಿ, ಸದ್ದಿಲ್ಲದೆ ಹತ್ತಿಕೊಂಡಿತು. ಆಮೇಲೆ ಗದ್ದವೆತ್ತಿ ಬೀಗನ ಕಡೆ ತೋರಿಸಿದರು. “ಇವನ್ಯಾರು, ಬಂದಾಗಿಂದ ಬಾಯೇ ಬಿಟ್ಟಿಲ್ಲ? ನಿನ್ನ ಗಂಡನಾ?”

ಅವಳು ಬಾಯಿ ತೆರೆದಳು. ಜನ್ಮದಲ್ಲಿ ಎರಡನೇ ಸಲ ಅವಳಿಗೆ ಮಾತು ಸಿಗಲಿಲ್ಲ.

“ಇನ್ನೂ ಇಲ್ಲ,” ಎಂದ ಅವನು.

ಹೊರಗೆ ಗಾಳಿ ನಿಂತಿತು, ಬಸ್ಸು ನಿಂತಿತು, ಭೂಮಿ ತಿರುಗುವುದನ್ನು ಒಂದು ಕ್ಷಣ ಮರೆತಿತು. ಟೀ ಮಾತ್ರ ಉಕ್ಕಿತು.

ಟೀ ಕುಡಿದು ಇಬ್ಬರೂ ಮೆಟ್ಟಿಲಿಳಿದರು. ಕೊನೆಯ ತಿರುವಿನಲ್ಲಿ ಅವಳು ನಿಂತಳು.

“ಅಲ್ಲಿ ಹೇಳಿದ್ದು... ತಮಾಷೆಗಾ?”

“ನನಗೆ ತಮಾಷೆ ಬರಲ್ಲ.”

“ಗೊತ್ತು. ಅದಕ್ಕೇ ಭಯ ಆಗ್ತಿದೆ.”

ಅವನ ಮುಖ ಸಣ್ಣದಾಯಿತು. “ತಪ್ಪಾಗಿ ತಿಳ್ಕೊಂಡ್ರಾ? ಸುಮಾರು ದಿನದಿಂದ ಹೇಳ್ಬೇಕು ಅಂತಿತ್ತು. ನನಗೆ ಮಾತಾಡೋಕೆ ಬರಲ್ಲ. ನೀವಂದ್ರೆ... ನೀವು ಇರೋ ಮಹಡೀಲಿ ಕೆಲಸ ಇಲ್ಲದಿದ್ರೂ ಕೆಲಸ ಹುಡುಕ್ತೀನಿ. ಸಿಕ್ಕಿದ್ರೂ ಇಳಿದು ಬರೋ ಧೈರ್ಯ ಬರ್ತಿರಲಿಲ್ಲ. ಬೇಡ ಅಂದ್ರೆ ಬೇಡ. ಭಯ ಪಡ್ಬೇಡಿ.”

“ನನಗೆ ಭಯ ನಿಮ್ಮ ಬಗ್ಗೆ ಅಲ್ಲ.”

“ಮತ್ತೆ?”

“ನನ್ನ ಬಗ್ಗೇನೇ. ನೀವು ಕೇಳಿಬಿಟ್ರೆ ಹಿಂದೆಮುಂದೆ ನೋಡದೆ ಹೂಂ ಅಂದುಬಿಡ್ತೀನೇನೋ ಅಂತ.”

ಅವನು ಒಂದು ಮೆಟ್ಟಿಲು ಕೆಳಗಿಳಿದು, ಅವಳ ಕಣ್ಣಿಗೆ ಸಮನಾಗಿ ನಿಂತ.

“ಕೇಳ್ಲಾ?”

“ಹೂಂ,” ಎಂದಳು.

“ಇನ್ನೂ ಕೇಳೇ ಇಲ್ಲ.”

“ಗೊತ್ತು,” ಎಂದು ಅವಳು ಅವನ ಕೈ ಹಿಡಿದಳು. “ನೀವು ಕೇಳೋ ಹೊತ್ತಿಗೆ ಕೊನೇ ಬಸ್ ಹೋಗಿರುತ್ತೆ.”